ಗೋದಲಿಗೆ ರಾಗಿ ಬಿತ್ತುತ್ತಿದ್ದ ಅತ್ತೆ

ನನ್ನ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಮದುವೆಗೆ ಮುಂಚೆ ಎಂದೋ ಒರಳಿಗೆ ಸಿಕ್ಕಿ ಒಡೆದದ್ದು ಮತ್ತೆ ಕೂಡಿಕೊಳ್ಳಲೇ ಇಲ್ಲವಂತೆ. ವರ್ಷವಿಡೀ ಆ ಸೀಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಿದ್ದವರು ಡಿಸೆಂಬರ್ ಬಂತೆಂದರೆ ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಆ ತಿಂಗಳು ಅದರೊಳಗೆ ಕೆಮ್ಮಣ್ಣು ಕೂತಿರುತ್ತಿತ್ತು. ಅದೇ ಕೈಯಲ್ಲಿ ಚಪಾತಿ ಹಿಟ್ಟು ನಾದುವುದನ್ನು ನೋಡಿ ಹೊಸದರಲ್ಲಿ ನನಗೆ ಹೇಸಿಗೆಯಾಗುತ್ತಿತ್ತು. ಹೇಳುವ ಧೈರ್ಯವಿರಲಿಲ್ಲ, ಸುಮ್ಮನೆ ತಿನ್ನುತ್ತಿದ್ದೆ.

ಆ ಮಣ್ಣು ಗೋದಲಿಯದು. ನಮ್ಮ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಬಾಲಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಪುಟ್ಟದಾಗಿ ಕಟ್ಟಿ ಗೊಂಬೆ ಜೋಡಿಸುತ್ತೇವಲ್ಲ, ಅದೇ ಗೋದಲಿ. ಅದರ ಮುಂದೆ ಕುರಿ, ದನ ನಿಲ್ಲಿಸಲು ಹುಲ್ಲು ಬೇಕು. ಈಗ ಅಂಗಡಿಗಳಲ್ಲಿ ಹಸಿರು ಪ್ಲಾಸ್ಟಿಕ್ ಹಾಸು ಸಿಗುತ್ತದೆ. ಅತ್ತೆಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಕಾಲೊರೆಸೋ ಚಾಪೆ ಮೇಲೆ ಸ್ವಾಮೀನ ಮಲಗಿಸ್ತಾರೇನಮ್ಮಾ, ಥೂ!" ಎನ್ನುತ್ತಿದ್ದರು. ಹಬ್ಬ ಎರಡು ವಾರ ಇದೆ ಎನ್ನುವಾಗ ರಾಗಿ ನೆನೆಹಾಕಿ, ಹಳೆಯ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಮಣ್ಣು ತುಂಬಿ ಬಿತ್ತಿ, ಮೇಲೊಂದು ಒದ್ದೆ ಗೋಣಿತಾಟು ಹೊದಿಸುತ್ತಿದ್ದರು. ದಿನಕ್ಕೆರಡು ಸಲ ಆ ಹೆಬ್ಬೆರಳಿನಿಂದ ಮಣ್ಣನ್ನು ಒತ್ತಿ ಪಸೆ ನೋಡುತ್ತಿದ್ದರು. ಹಬ್ಬದ ಹೊತ್ತಿಗೆ ಬೆರಳುದ್ದ ಪೈರು ಬಂದಿರುತ್ತಿತ್ತು.

ಬನ್ನಿಮಂಟಪದ ಹಿಂದಿನ ಬೀದಿಯಲ್ಲಿರುವ ನಮ್ಮ ಮನೆಯಲ್ಲಿ ರಾಗಿ ಬಿತ್ತುವುದು ಒಂದು ಪ್ರಾರ್ಥನೆ. ಪುಸ್ತಕದ್ದಲ್ಲ, ಅತ್ತೆ ತಾವೇ ಮಾಡಿಕೊಂಡದ್ದು. ಅಡುಗೆಮನೆಯ ನೆಲದ ಮೇಲೆ ತಟ್ಟೆಗಳ ಸುತ್ತ ಎಲ್ಲರೂ ಕೂರಬೇಕು. ಒಬ್ಬೊಬ್ಬರೂ ಒಂದೊಂದು ಹಿಡಿ ರಾಗಿ ಚೆಲ್ಲುತ್ತಾ, ಕಳೆದುಹೋದ ಯಾವುದಾದರೂ ಒಂದು ಕ್ರಿಸ್ಮಸ್ಸನ್ನು ದೇವರಿಗೆ ಬಾಯಿಬಿಟ್ಟು ಹೇಳಬೇಕು. ಕೊನೆಗೆ ಎಲ್ಲರೂ ಸೇರಿ ಯೇಸು ಕಲಿಸಿದ ಪರಲೋಕ ಜಪ ಹೇಳಿದರೆ ಮುಗಿಯಿತು. ನಾನು ಮೊದಲ ವರ್ಷ, "ದೇವರಿಗೆ ಗೊತ್ತಿರೋದನ್ನೇ ಯಾಕೆ ಹೇಳಬೇಕು ಅತ್ತೆ?" ಎಂದು ಕೇಳಿದ್ದೆ.

"ಅವನಿಗೆ ಗೊತ್ತು ಕಣಮ್ಮ. ನಾವು ಮರ್ತುಬುಡ್ತೀವಲ್ಲ. ಹೋದ ಹಬ್ಬಗಳ್ನ ಅವನ ಮುಂದೆ ಇಡದೆ, ಬರೋ ಹಬ್ಬ ಕೊಡಪ್ಪಾ ಅಂತ ಕೇಳಕ್ಕೆ ಯಾವ ಮುಖ?"

ಒಳ್ಳೆಯದನ್ನೇ ಹೇಳಬೇಕೆಂದೇನೂ ಇರಲಿಲ್ಲ. ನಾನು ಬರುವ ಮುಂಚೆಯೇ ತೀರಿಕೊಂಡಿದ್ದ ಮಾವನವರು ಕೆಲಸಕ್ಕಿದ್ದ ಗಿರಣಿ ಬಾಗಿಲು ಹಾಕಿದ ವರ್ಷವನ್ನು ಅತ್ತೆ ತಪ್ಪದೆ ಹೇಳುತ್ತಿದ್ದರು. ಆ ಸಲ ಮನೆಯಲ್ಲಿ ಮೈದಾ ಇಲ್ಲ, ಎಣ್ಣೆ ಇಲ್ಲ. ಗೆಣಸು ಬೇಯಿಸಿ, ಬೆಲ್ಲ ಹಚ್ಚಿ, ತಟ್ಟೆಗೆ ಕ್ರೋಷಾ ಬಟ್ಟೆ ಮುಚ್ಚಿ ಬೀದಿಗೆಲ್ಲ ಹಂಚಿದ್ದರಂತೆ. "ಕೇಕು ಅಂದ್ಕಂಡು ಬಟ್ಟೆ ತೆಗೆದೋರ ಮುಖ ನೀನೂ ನೋಡಿದ್ದೀಯ ಸ್ವಾಮಿ, ನಕ್ಕಿದ್ದೀಯ" ಎಂದು ದೇವರನ್ನೇ ಸಾಕ್ಷಿಗೆ ಕರೆಯುತ್ತಿದ್ದರು.

ನನ್ನ ಗಂಡನದು ಪ್ರತಿವರ್ಷ ಒಂದೇ ಕತೆ. ಚಿಕ್ಕವರಿದ್ದಾಗ ಬಾಲಯೇಸುವಿನ ಗೊಂಬೆಯನ್ನು ಗೆಳೆಯನಿಗೆ ತೋರಿಸಲು ಚಡ್ಡಿ ಜೇಬಿನಲ್ಲಿಟ್ಟುಕೊಂಡು ಹೋಗಿ ಮರೆತುಬಿಟ್ಟಿದ್ದರಂತೆ. ಚರ್ಚಿನ ಪೂಜೆ ಮುಗಿಸಿ ಬಂದು ನೋಡಿದರೆ ಗೋದಲಿ ಖಾಲಿ. ಅತ್ತೆ ಒಂದು ಗಳಿಗೆ ಯೋಚಿಸಿ, ದಪ್ಪ ಕಡಲೇಕಾಯಿಯೊಂದಕ್ಕೆ ಬಿಳಿ ಬಟ್ಟೆ ಸುತ್ತಿ ಮಲಗಿಸಿದರಂತೆ. ಬಂದವರೆಲ್ಲ ಅದಕ್ಕೇ ಕೈಮುಗಿದು ಹೋದರಂತೆ. ಬಾಲಯೇಸು ಸಿಕ್ಕಿದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಈ ಕತೆಯನ್ನು ನಗದೆ ಕೊನೆ ಮುಟ್ಟಿಸಲು ಅವರಿಗೆ ಒಂದು ವರ್ಷವೂ ಆಗಲಿಲ್ಲ. ಪ್ರಾರ್ಥನೆಯ ಮಧ್ಯೆ ನಗ್ತೀಯೇನೋ ಎಂದು ಗದರುತ್ತಾ ಅತ್ತೆಯೂ ನಗುತ್ತಿದ್ದರು.

ಒಂದು ಫೆಬ್ರವರಿ ಬೆಳಗ್ಗೆ, ಕೆಲಸಕ್ಕೆ ಹೊರಟು ಶೂ ಲೇಸು ಕಟ್ಟುತ್ತಿದ್ದ ನನ್ನ ಗಂಡ ಹಾಗೇ ಮುಂದಕ್ಕೆ ವಾಲಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ನಮಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದದ್ದು ಮಗನನ್ನು ಕಳೆದುಕೊಂಡ ಅತ್ತೆ, ಮತ್ತೆ ನಾನು.

ನನಗೆ ಅಳು ಬರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ಕೆನ್ನೆ ಹೇಗಾಗುತ್ತದೋ ಮೈಯೆಲ್ಲ ಹಾಗಿತ್ತು. ಆಫೀಸಿಗೆ ಹೋದೆ, ಬಂದೆ, ಅನ್ನ ಮಾಡಿದೆ, ತಿಂದೆ. "ಕಲ್ಲು ಕಣ್ರೀ ಅವ್ಳು" ಎಂದು ಚರ್ಚಿನ ಮೆಟ್ಟಿಲ ಮೇಲೆ ಯಾರೋ ಹೇಳಿದ್ದು ಕಿವಿಗೆ ಬಿತ್ತು. ಕೋಪವೂ ಬರಲಿಲ್ಲ. ಇದ್ದರೂ ಇರಬಹುದು ಅನ್ನಿಸಿತು, ಅಷ್ಟೇ.

ಆ ಡಿಸೆಂಬರಿನಲ್ಲಿ ಒಂದು ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ತಟ್ಟೆಗಳು ಸಿದ್ಧವಾಗಿದ್ದವು. ನನಗೆ ರೇಗಿಹೋಯಿತು. ಎಷ್ಟೋ ತಿಂಗಳ ಮೇಲೆ ನನ್ನ ದನಿ ಏರಿದ್ದು ಅವತ್ತೇ.

"ಅವರಿಲ್ಲದ ವರ್ಷ ಯಾರಿಗೆ ಅತ್ತೆ ಈ ಹಬ್ಬ? ನಿಮಗೆ ಹೇಗೆ ಮನಸ್ಸು ಬರುತ್ತೆ?"

"ಎಲ್ಲಿ ಬತ್ತದೆ? ಬರಲ್ಲ" ಎಂದರು ಅತ್ತೆ, ಮಣ್ಣಿನ ಹೆಂಟೆ ಪುಡಿ ಮಾಡುತ್ತಾ. "ಅದಕ್ಕೇ ಮನಸ್ಸನ್ನ ಕೇಳಕ್ಕೋಗಲ್ಲ. ಮೊದ್ಲು ರಾಗಿ ನೆನೆಹಾಕ್ಬುಡ್ತೀನಿ. ನೆನೆದ್ಮೇಲೆ ಬಿತ್ತಲೇಬೇಕಲ್ಲ, ಇಲ್ದಿದ್ರೆ ಹುಳಿ ನಾತ ಬಂದ್ಬುಡ್ತದೆ. ಕೂತ್ಕೋ ಬಾ."

ಕೂತೆ. ಅತ್ತೆ ಗೆಣಸಿನ ವರ್ಷವನ್ನು ಹೇಳಿದರು. ಆಮೇಲೆ ಮಗನ ಸರದಿ. ಆ ಕಡಲೇಕಾಯಿ ಕತೆ ಹೇಳಿ ಮುಗಿಸುವಷ್ಟು ಹೊತ್ತು ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ನನಗೆ ಏನೂ ಬರ್ತಿಲ್ಲ ಅತ್ತೆ. ಬಾಯಿಗೂ ಬರ್ತಿಲ್ಲ, ಒಳಗೂ ಇಲ್ಲ."

"ಬರ್ದಿದ್ರೆ ಬುಡು ಮಗಾ. ನಿನ್ನ ಸರದಿ ಅಂಗೇ ಇರ್ಲಿ. ಮೂರು ರಾಯರ ಹಬ್ಬದವರ್ಗೂ ಟೈಮದೆ. ಅವ್ರೂ ಲೇಟಾಗೇ ಬಂದಿದ್ದು."

ನಕ್ಷತ್ರ ನೋಡಿಕೊಂಡು ದೂರದೇಶದಿಂದ ಹೊರಟ ಮೂವರು ರಾಯರು ಗೋದಲಿ ಸೇರುವ ಹಬ್ಬ ಬರುವುದು ಜನವರಿಯಲ್ಲಿ. ಅದು ಮುಗಿದ ಮೇಲೇ ನಾವು ಗೋದಲಿ ತೆಗೆಯುವುದು. ಆ ದಿನ ಗೊಂಬೆಗಳನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಾ ಅತ್ತೆ ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. "ಸರಿ ಬುಡು, ಮುಂದಿನ ವರ್ಷ" ಎಂದರು. ಮರುವರ್ಷವೂ ಅಷ್ಟೇ, ಅದರ ಮರುವರ್ಷವೂ ಅಷ್ಟೇ. ಒಮ್ಮೆಯೂ ಬಲವಂತ ಮಾಡಲಿಲ್ಲ, ಉಪದೇಶ ಮಾಡಲಿಲ್ಲ. ಆದರೆ ಒಂದು ವರ್ಷವೂ ನನ್ನ ಸರದಿಯನ್ನು ಬಿಟ್ಟು ಪರಲೋಕ ಜಪಕ್ಕೆ ಹಾರಲಿಲ್ಲ. ನನ್ನ ಪಾಲಿನ ಮೌನಕ್ಕೆ ಕಾದು ಕೂರುತ್ತಿದ್ದರು. ಹಬ್ಬದ ದಿನ ನಾನು ಹೊಸ ಸೀರೆ ಉಟ್ಟು ಪೂಜೆಗೆ ಹೋಗಿ ನಿಲ್ಲುತ್ತಿದ್ದೆ. ಹಾಡು ಕೇಳಿಸುತ್ತಿತ್ತು. ಬೇರೆಯವರ ಮನೆಯ ರೇಡಿಯೊ ಕೇಳಿಸಿದ ಹಾಗೆ.

ಹೋದ ನವೆಂಬರಿನಲ್ಲಿ ಅತ್ತೆಗೆ ಜ್ವರ ಬಂದದ್ದು ನಿಮೋನಿಯಾಕ್ಕೆ ತಿರುಗಿತು. ಆಸ್ಪತ್ರೆಯಲ್ಲಿ ಕೊನೆಯದಾಗಿ ನನ್ನೊಡನೆ ಮಾತಾಡಿದ್ದು ರಾಗಿಯ ಬಗ್ಗೆ. "ಡಬ್ಬಿಲಿ ಹೊಸ ರಾಗಿ ಐತೆ. ಹಿಟ್ಟು ಮಾಡಿಸ್ಬುಟ್ಟೀಯ." ಅತ್ತೆಯನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿ ಕೈಗೆ ಜಪಸರ ಸುತ್ತಿದಾಗ ನನ್ನ ಕಣ್ಣು ಹೋದದ್ದು ಆ ಉಗುರಿನ ಮೇಲೆ. ಚೊಕ್ಕಟವಾಗಿತ್ತು. ಡಿಸೆಂಬರ್ ಇನ್ನೂ ಬಂದಿರಲಿಲ್ಲ. ಆಗಲೂ ನಾನು ಅಳಲಿಲ್ಲ.

ಬಿತ್ತುವ ವಾರ ಬಂತು, ಹೋಯಿತು. ನಾನು ಏನೂ ಮಾಡಲಿಲ್ಲ. ಹಬ್ಬದ ಹಿಂದಿನ ಸಂಜೆ ಬೀದಿಯಲ್ಲಿ ನಕ್ಷತ್ರಗಳು ಹತ್ತಿಕೊಂಡಾಗ, ಯಾಕೆಂದು ಈಗಲೂ ಗೊತ್ತಿಲ್ಲ, ಎದ್ದು ಹೋಗಿ ಡಬ್ಬಿಯಿಂದ ಎರಡು ಹಿಡಿ ರಾಗಿ ತೆಗೆದು ನೀರಿಗೆ ಹಾಕಿದೆ. ಬೆಳಗ್ಗೆ ಪೂಜೆಯಿಂದ ಬಂದರೆ ಪಾತ್ರೆ ಅಲ್ಲೇ ಕೂತಿತ್ತು. ಬಿತ್ತಲೇಬೇಕಾಯಿತು. ತಟ್ಟೆ ಇಳಿಸಿ ಬಿತ್ತಿದೆ, ಬಾಯಿ ಬಿಡದೆ. ಬರೀ ಮಣ್ಣಿನ ಮೇಲೇ ಕುರಿ, ದನ ನಿಲ್ಲಿಸಿ ಗೋದಲಿ ಇಟ್ಟೆ.

ಪಕ್ಕದ ಮನೆಯ ಅಕ್ಕ ಲಿಂಗಾಯತರು. ಯುಗಾದಿಗೆ ಹೋಳಿಗೆ ಕೊಟ್ಟು, ಕ್ರಿಸ್ಮಸ್ಸಿಗೆ ಅತ್ತೆಯ ಗೋದಲಿ ನೋಡಲು ತಪ್ಪದೆ ಬರುವವರು. ಅವತ್ತೂ ಬಂದು ಬಗ್ಗಿ ನೋಡಿ, "ಅಯ್ಯೋ, ಈ ಸಲ ಹುಲ್ಲೇ ಇಲ್ವಲ್ಲಮ್ಮ. ಅವರಿದ್ದಿದ್ರೆ..." ಎಂದು ಸೆರಗು ಕಣ್ಣಿಗೆ ಒತ್ತಿಕೊಂಡರು.

"ಬರುತ್ತೆ ಅಕ್ಕ. ಮೂರು ರಾಯರ ಹಬ್ಬದವರೆಗೂ ಟೈಮಿದೆ" ಎಂದೆ.

ಅಂದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಬೆಳಗ್ಗೆ ಹಾಲು ತರುವ ಮುಂಚೆ ಗೋದಲಿಯ ಮುಂದೆ ಬಗ್ಗಿ ಮಣ್ಣು ನೋಡತೊಡಗಿದೆ. ಆಫೀಸಿನಲ್ಲಿ ಕೂತಾಗ ನೀರು ಹೆಚ್ಚಾಯಿತೇನೋ ಎಂದು ಚಿಂತೆ. ಬಿಳೀ ಮೊಳಕೆ ಕಂಡ ದಿನ ಅಕ್ಕನನ್ನು ಗೋಡೆಯಾಚೆಯಿಂದ ಕೂಗಿ ಕರೆದೆ. ಕರೆದ ಮೇಲೆ ನನಗೇ ನಾಚಿಕೆಯಾಯಿತು. ನಾನು ಕಾಯುತ್ತಿದ್ದೆ. ಗಂಡ ಹೋದ ಮೇಲೆ ಯಾವುದಕ್ಕೂ ನಾನು ಕಾದಿರಲಿಲ್ಲ.

ಮೂರು ರಾಯರ ಹಬ್ಬದ ಬೆಳಗ್ಗೆ ಹಸಿರು ಮಣ್ಣಿನಿಂದ ಮೇಲೆದ್ದಿತ್ತು. ಕುರಿಯ ಹೊಟ್ಟೆಗೂ ತಾಗದಷ್ಟು. ಅದರ ಮುಂದೆ ನೆಲದ ಮೇಲೆ ಕೂತೆ. ಮೊದಲು ಅತ್ತೆಯ ಸರದಿ. ಗೆಣಸಿನ ವರ್ಷವನ್ನು ನಾನೇ ದೇವರಿಗೆ ಹೇಳಿದೆ. ಆಮೇಲೆ ನನ್ನ ಗಂಡನದು. ಕಡಲೇಕಾಯಿಗೆ ಬಟ್ಟೆ ಸುತ್ತುವಲ್ಲಿಗೆ ಬರುವಾಗ ನಗು ಬಂತು, ನಗುತ್ತಲೇ ಅಳು ಬಂತು. ತಡೆಯಲಿಲ್ಲ. ಬಟ್ಟೆ ಒಗೆಯುವ ಕಲ್ಲಿನವರೆಗೂ ಅಳುತ್ತಲೇ ಹೇಳಿ ಮುಗಿಸಿದೆ.

ಆಮೇಲೆ ನನ್ನ ಸರದಿ ಬಂತು. ಅತ್ತೆ ಅಷ್ಟು ವರ್ಷ ಕಾದು ಇಟ್ಟಿದ್ದ ಸರದಿ.

"ಸ್ವಾಮಿ," ಎಂದೆ, "ಅವರಿದ್ದ ಕೊನೆಯ ಕ್ರಿಸ್ಮಸ್ಸು. ಅವರು ನಕ್ಷತ್ರ ಕಟ್ಟೋದಕ್ಕೆ ಏಣಿ ಹತ್ತಿದ್ದರು. ನಾನು ಕೆಳಗೆ ಏಣಿ ಹಿಡ್ಕೊಂಡಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, ಎಡಕ್ಕೆ ಕಟ್ಟೋ, ಇನ್ನೂ ಎಡಕ್ಕೆ, ಅಂತ ಕೂಗ್ತಿದ್ದರು. ಅತ್ತೆ ಕೈಯೆಲ್ಲ ಮಣ್ಣಾಗಿತ್ತು."