ನರ್ಸಮ್ಮ ಕೇಳಿದ ಒಂದು ಪ್ರಶ್ನೆ

ಕುರುಬರಹಳ್ಳಿಯ ಹೆರಿಗೆ ಕ್ಲಿನಿಕ್ಕಿನ ಆ ನರ್ಸಮ್ಮ ಯಾರ ಮೇಲೂ ರೇಗುತ್ತಿರಲಿಲ್ಲ. ನನ್ನ ಮಾಸ್ಕ್ ಜಾರಿದಾಗಲೆಲ್ಲ ಪೆನ್ನಿನಿಂದ ತಮ್ಮ ಮೂಗು ತಟ್ಟಿ ತೋರಿಸಿ, "ಸ್ವಲ್ಪ ಮೇಲಕ್ಕೆ, ಯಜಮಾನ್ರೇ" ಎನ್ನುತ್ತಿದ್ದರು.

ಕೊರೊನಾ ಕಾಲ. ಹೆರಿಗೆಯಾದ ದಿನವೇ ಸೊಸೆಗೆ ಪಾಸಿಟಿವ್ ಬಂತು. ನಾನು ಹಾಲಿನ ಪುಡಿಯ ಡಬ್ಬ ತಂದು, "ಮಗೂಗೆ ಅವಳ ಹಾಲು ಬೇಡ, ರೋಗ ಅಂಟುತ್ತೆ" ಎಂದು ಗದರಿದೆ. ಸೊಸೆ ಅಳತೊಡಗಿದಳು.

"ಹಾಲಿಂದ ಅಂಟಲ್ಲ, ಯಜಮಾನ್ರೇ. ಕೈ ತೊಳ್ದು, ಮಾಸ್ಕ್ ಹಾಕ್ಕೊಂಡು ಕುಡಿಸ್ತಾಳೆ" ಎಂದ ನರ್ಸಮ್ಮ ಮೆಲ್ಲಗೆ ಕೇಳಿದರು: "ಅದ್ಸರಿ, ನಿಮ್ಮನೇಲಿ ಮೊದ್ಲು ಕೆಮ್ಮಿದ್ದು ಯಾರು?"

ನಾನೇ. ಕದ್ದು ಇಸ್ಪೀಟಾಡಲು ಹೋಗಿ ಬಂದ ಮೇಲೆ ಶುರುವಾಗಿತ್ತು. ಧೂಳಿನ ಕೆಮ್ಮು ಎಂದಿದ್ದೆ. ಜಾರಿದ್ದ ಮಾಸ್ಕನ್ನು ನಾನೇ ಮೇಲಕ್ಕೆಳೆದುಕೊಂಡೆ. ಅವರು ಮತ್ತೆ ಕೇಳದೆ ಮಗುವನ್ನು ತಾಯಿಯ ಎದೆಗೆ ಕೊಟ್ಟರು.

ತಪಾಸಣೆಗೆ ಹೋಗಿ ಬಂದಾಗ ರೋಗ ಆ ಕ್ಲಿನಿಕ್ಕಿನಿಂದಲೇ ಬಂತೆಂದು ಮನೆಯವರೆಲ್ಲ ಇಂದಿಗೂ ಬೈಯುತ್ತಾರೆ. ನಾನೂ ಹೂಂಗುಟ್ಟುತ್ತೇನೆ.