ನಾನು ಸೇರಿಸಿದ ಸಾಲು

ಹೋದ ವಾರ ಸುರಪುರದಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ನನ್ನ ಪುಣ್ಯಕ್ಕೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಹೊರಗೆ ಹತ್ತಿ ಬಿಡಿಸುವವರ ಸಾಲು, ಒಳಗೆ ಡೀಸೆಲ್ ವಾಸನೆ, ಹಿಂದಿನ ಸೀಟಿನಲ್ಲಿ ಯಾರದೋ ಮೊಬೈಲಿನ ಹಾಡು. ಇನ್ನೇನು ಕಣ್ಣು ಮುಚ್ಚಬೇಕು, ಒಂದು ಕ್ರಾಸಿನಲ್ಲಿ ಶಾಲೆಯ ಮೂವರು ಹುಡುಗಿಯರು ಕೈ ಮಾಡಿದರು. ಬಸ್ಸು ಅವರನ್ನು ದಾಟಿ ಹೋಯಿತು. ಅಷ್ಟೇ. ದಿನಕ್ಕೆ ಹತ್ತು ಕಡೆ ಆಗುವಂಥದ್ದು. ಆದರೆ ನಾನು ಎದ್ದು ನಿಂತುಬಿಟ್ಟಿದ್ದೆ. ಯಾವಾಗ ಎದ್ದೆನೋ ನನಗೇ ತಿಳಿಯಲಿಲ್ಲ.

“ಇಳೀತೀರೇನ್ರಿ?” ಪಕ್ಕದಲ್ಲಿದ್ದ ಹೆಣ್ಣುಮಗಳು ಕೇಳಿದಳು.

“ಇಲ್ರವ್ವಾ.”

“ಮತ್ತ ಕೂಡ್ರಿ. ಸೀಟ ಹೋತಂದ್ರ ಶಹಾಪುರತನಾ ನಿಂದರಬೇಕಾಗ್ತದ.”

ಕೂತೆ. ಆದರೆ ಕೂತಂತಾಗಲಿಲ್ಲ. ಈ ಚಡಪಡಿಕೆಗೆ ಈಗ ಎಂಟು ವರ್ಷ. ಕೈ ಮಾಡಿದವರನ್ನು ಬಿಟ್ಟು ಬಸ್ಸು ಮುಂದೆ ಹೋದರೆ ನನಗೆ ಹೀಗಾಗುತ್ತದೆ. ಮನೆಯಲ್ಲಿ ಹೇಳಿದರೆ ಬಿಪಿ ತೋರಿಸಿಕೊಳ್ಳಿ ಅನ್ನುತ್ತಾರೆ. ತೋರಿಸಿಯೂ ಆಗಿದೆ. ಬಿಪಿ ಸರಿಯಾಗಿದೆ. ಸರಿಯಿಲ್ಲದ್ದು ಬೇರೆ ಇದೆ. ಅದನ್ನು ಅವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ನೀವು ಇಷ್ಟು ದೂರ ಜೊತೆಗೆ ಬಂದಿದ್ದೀರಿ, ನಿಮಗೆ ಹೇಳುತ್ತೇನೆ.

ಆಗ ನಾನು ಯಾದಗಿರಿ–ಶಹಾಪುರ ರಸ್ತೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಕೆಲಸ ಕಡಿಮೆ, ಕಂಪ್ಯೂಟರ್ ಒಂದು, ಕನ್ನಡ ಟೈಪಿಂಗ್ ಬರುವವನು ನಾನೊಬ್ಬನೇ. ಇಂಥವನು ಕವಿಯಾಗದೆ ಇರುವುದು ಹೇಗೆ? ನನ್ನದೊಂದು ಬ್ಲಾಗಿತ್ತು. ಅದರ ತುಂಬ ಚಂದ್ರ, ವಿರಹ, ಮುಂಗುರುಳು. ಓದುಗರ ಲೆಕ್ಕ ತೋರಿಸುವ ಪುಟವನ್ನು ದಿನಕ್ಕೆ ನಾಲ್ಕು ಸಲ ತೆರೆಯುತ್ತಿದ್ದೆ. ಲೆಕ್ಕ ಸ್ವಲ್ಪ ಏರಿದರೆ ಎದೆ ಉಬ್ಬುತ್ತಿತ್ತು. ಆಮೇಲೆ ನೋಡಿದರೆ, ನಾನೇ ಶಹಾಪುರದ ಝೆರಾಕ್ಸ್ ಅಂಗಡಿಯಿಂದ ಒಮ್ಮೆ, ಯಾದಗಿರಿಯ ಭಾವನ ಮನೆಯಿಂದ ಒಮ್ಮೆ ನೋಡಿರುತ್ತಿದ್ದೆ.

ಗಣಿತ ಕಲಿಸುತ್ತಿದ್ದ ಸುಜಾತಾ ಟೀಚರ್ ಒಂದು ದಿನ ಕಚೇರಿಯೊಳಗೆ ಬಂದರು. ಶಹಾಪುರದವರು. ತಂದೆ ತಾಲೂಕು ಆಫೀಸಿನಲ್ಲಿ ಜವಾನರಾಗಿದ್ದವರು. ಅವರ ಮನೆಗೆ ಒಮ್ಮೆ ಹೋಗಿದ್ದೆ. ಹೊರಕೋಣೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರು, ಅವರ ಕೆಳಗೆ ಎತ್ತರಕ್ಕೆ ಪೇರಿಸಿಟ್ಟ ಪುಸ್ತಕ. ಟೀಚರಿಗೆ ನಿಧಾನ ನಡೆಯಲು ಬರುತ್ತಿರಲಿಲ್ಲ. ಸೆರಗಿನ ಮೇಲೆ ಸದಾ ಸೀಮೆಸುಣ್ಣದ ಪುಡಿ.

“ಸರ್, ನಿಮಗ ಬ್ಲಾಗ್ ಮಾಡಾಕ ಬರ್ತದಂತ, ಖರೇನಾ?”

ನನ್ನ ಕವಿತೆ ಓದಿದ್ದಾರೆಂದು ನಾನು ಕುರ್ಚಿಯಲ್ಲಿ ನೆಟ್ಟಗಾದೆ.

“ನನಗೂ ಒಂದು ಮಾಡಿಕೊಡ್ರಿ. ಗಣಿತದ ಪಾಠ ಹಾಕಬೇಕಾಗ್ಯದ.”

ವಿಷಯ ಇಷ್ಟು. ಕೊಂಕಲ್ ಕಡೆಯ ಒಂದು ಸಣ್ಣ ಊರಿನಿಂದ ಹತ್ತಾರು ಹುಡುಗಿಯರು ನಮ್ಮ ಶಾಲೆಗೆ ಬರುತ್ತಿದ್ದರು. ಮುಂಜಾನೆ ಇದ್ದದ್ದು ಒಂದೇ ಬಸ್ಸು. ಅದು ತುಂಬಿ ಬಂದರೆ ಕ್ರಾಸಿನಲ್ಲಿ ನಿಲ್ಲುತ್ತಿರಲಿಲ್ಲ. ನಡೆದು ಬರುವಷ್ಟರಲ್ಲಿ ಎರಡನೇ ಪಿರಿಯಡ್ ಶುರುವಾಗಿರುತ್ತಿತ್ತು. ಮೊದಲನೇ ಪಿರಿಯಡ್ ಗಣಿತ. ಹೀಗಾಗಿ ಆ ಊರಿನ ಹುಡುಗಿಯರೆಲ್ಲ ಗಣಿತದಲ್ಲಿ ಮಾತ್ರ ಫೇಲು. ಅವರ ತಲೆಯೇ ಅಷ್ಟು ಎಂದು ನಾವೆಲ್ಲ ತೀರ್ಮಾನಿಸಿ ನೆಮ್ಮದಿಯಾಗಿದ್ದೆವು. ಹಾಜರಿ ಪುಸ್ತಕದಲ್ಲಿ ಅವರು ಬಂದ ಹೊತ್ತು ಬರೆದಿಟ್ಟು ನೋಡಿದವರು ಟೀಚರ್ ಒಬ್ಬರೇ.

ಬ್ಲಾಗಿಗೆ ‘ಎರಡನೇ ಪಿರಿಯಡ್’ ಎಂದು ಹೆಸರಿಟ್ಟರು. ತಪ್ಪಿದ ಪಾಠವನ್ನು ಅದರಲ್ಲಿ ಹಾಕಿದೆವು. ವಾರ ಕಳೆದ ಮೇಲೆ ಒಂಬತ್ತನೇ ತರಗತಿಯ ರೇಣುಕಾ ಹೇಳಿದಳು, “ಟೀಚರ್ರಿ, ನಮ್ಮ ಮನ್ಯಾಗ ಅಂಥಾ ಫೋನೇ ಇಲ್ಲರಿ.” ನಾನು ಜೋರಾಗಿ ನಕ್ಕೆ. ಟೀಚರ್ ನಗಲಿಲ್ಲ. ಪಾಠವನ್ನು ಪ್ರಿಂಟು ಮಾಡಿ ಹುಡುಗಿಯರ ಕೈಗೆ ಕೊಟ್ಟರು. “ಫೋನ್ ಇದ್ದವರು ಓದಬೇಕಾದದ್ದು ಬೇರೆ ಅದ ಬಿಡ್ರಿ” ಅಂದು ಆ ಬ್ಲಾಗಿನಲ್ಲಿ ಹುಡುಗಿಯರ ಬಗ್ಗೆಯೇ ಬರೆಯತೊಡಗಿದರು.

ಅವರು ಕೈಬರಹದಲ್ಲಿ ಕೊಡುವುದು, ನಾನು ಟೈಪು ಮಾಡುವುದು. ಬ್ಲಾಗಿನ ಪಾಸ್‌ವರ್ಡೂ ನನ್ನ ಹತ್ತಿರವೇ. ಸಣ್ಣ ಸಣ್ಣ ವಾಕ್ಯ, ಒಂದೂ ಅಲಂಕಾರವಿಲ್ಲ. ಕವಿಯ ಕೈ ಸುಮ್ಮನಿರುತ್ತದೆಯೇ? ರೇಣುಕಾ ನಡೆದು ಬರುವ ದಾರಿಗೆ ನಾನು ‘ಅರುಣೋದಯದ ಹೊಂಬಣ್ಣ’ ಹಚ್ಚಿದೆ.

“ಸರ್, ಆಕಿ ಬರೂ ಹೊತ್ತಿಗಿ ಹೊತ್ತು ಹುಟ್ಟಿ ಮೂರು ತಾಸ ಆಗಿರ್ತದ. ಬಣ್ಣ ತಗೀರಿ” ಅಂದರು.

ತೆಗೆದೆ. ಒಳಗೊಳಗೆ ಮುನಿಸು.

ಅವರದೊಂದು ಪದ್ಧತಿ ಇತ್ತು. ಬರೆದದ್ದನ್ನು ಹಾಕುವ ಮೊದಲು, ಯಾರ ಬಗ್ಗೆ ಬರೆದಿದೆಯೋ ಅವರಿಗೆ ಓದಿ ಹೇಳಬೇಕು. ಬೇವಿನ ಮರದ ಕೆಳಗೆ ಹುಡುಗಿಯರು ಸುತ್ತ ಕೂರುತ್ತಿದ್ದರು. ಒಮ್ಮೆ ‘ರೇಣುಕಾಳ ಕಣ್ಣಲ್ಲಿ ನೀರು’ ಎಂಬ ಸಾಲು ಬಂದಾಗ ಆಕೆ ಸಿಟ್ಟಿನಿಂದ ಎದ್ದು ನಿಂತಳು. “ನಾ ಅತ್ತಿಲ್ಲರಿ ಟೀಚರ್. ಕಣ್ಣಾಗ ಧೂಳ ಬಿದ್ದಿತ್ತು.” ಟೀಚರ್ ಅಲ್ಲೇ ಕಣ್ಣೀರು ಹೊಡೆದು ಹಾಕಿ ಧೂಳು ಬರೆದರು. ಧೂಳಿಗಿಂತ ಕಣ್ಣೀರು ಚೆನ್ನಾಗಿತ್ತಲ್ಲ ಎಂದು ನನ್ನ ಹೊಟ್ಟೆಯುರಿಯಿತು.

ಆದರೆ ಜನ ಓದಿದರು. ರಾಯಚೂರು, ಕಲಬುರಗಿಯಿಂದ ಉತ್ತರಗಳು ಬಂದವು. ಹೈದರಾಬಾದಿನಲ್ಲಿದ್ದ ಯಾರೋ ಒಬ್ಬರು ತಾವೂ ಹೀಗೇ ನಡೆದು ಗಣಿತ ಕಳೆದುಕೊಂಡವರು ಎಂದು ಉದ್ದಕ್ಕೆ ಬರೆದರು. ನನ್ನ ಚಂದ್ರನಿಗೆ ಇಷ್ಟು ವರ್ಷದಲ್ಲಿ ಸಿಗದ ಓದುಗರು ಆ ಧೂಳಿಗೆ ಸಿಕ್ಕರು. ಟೀಚರ್ ಇನ್ನೊಂದು ಬಸ್ಸು ಬೇಕೆಂದು ಡಿಪೊಗೆ ಅರ್ಜಿ ಕೊಟ್ಟರು. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಮತ್ತೆ ಕೊಟ್ಟರು. ಮತ್ತೆ ಅದೇ ಉತ್ತರ.

ಗಣಿತದ ಪರೀಕ್ಷೆಯ ದಿನವೇ ಬಸ್ಸು ನಿಲ್ಲಲಿಲ್ಲ. ಹುಡುಗಿಯರು ಅರ್ಧ ಪರೀಕ್ಷೆ ಮುಗಿದ ಮೇಲೆ ಮುಖ ಕೆಂಪಗೆ ಮಾಡಿಕೊಂಡು ಬಂದರು. ಟೀಚರ್ ಊಟದ ಬಿಡುವಿನಲ್ಲೇ ಒಂದು ಪುಟ ಬರೆದು ನನ್ನ ಮೇಜಿನ ಮೇಲಿಟ್ಟರು. ಆ ಸಂಜೆಯೇ ಅವರಿಗೆ ನಾಲ್ಕು ದಿನದ ತರಬೇತಿಗೆ ಕಲಬುರಗಿಗೆ ಹೋಗುವುದಿತ್ತು.

“ಟೈಪ್ ಮಾಡಿ ಇಡ್ರಿ ಸರ್. ಬಸ್ ನಿಲ್ಲಲಿಲ್ಲ ಅಂತಷ್ಟೇ ಬರದೀನಿ, ಯಾಕ ನಿಲ್ಲಲಿಲ್ಲ ಗೊತ್ತಿಲ್ಲ. ಬಂದ ಮ್ಯಾಲ ಹುಡುಗ್ಯಾರ್ನ ಕೇಳ್ತೀನಿ, ಆಮ್ಯಾಲ ಹಾಕೂಣು.”

ಅವರು ಹೋದರು. ನಾನು ಟೈಪು ಮಾಡಿದೆ. ಓದಿದೆ. ಬಿಸಿಯೇ ಇರಲಿಲ್ಲ. ಹುಡುಗಿಯರು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದದ್ದನ್ನು ನಾನೂ ಕಂಡಿದ್ದೆ. ಸಿಟ್ಟು ನನಗೂ ಬಂದಿತ್ತು, ಅದು ಸುಳ್ಳಲ್ಲ. ಡ್ರೈವರ್ ಕೈ ಬೀಸಿದ ಎಂದು ಒಬ್ಬಳು ಅಂದದ್ದು ಕಿವಿಯಲ್ಲಿತ್ತು. ನಾಲ್ಕು ದಿನ ಯಾರು ಕಾಯಬೇಕು? ಬಸ್ಸಿನ ನಂಬರು ಹಾಕಿದೆ. ಕೊನೆಗೆ ನನ್ನದೇ ಒಂದು ಸಾಲು ಸೇರಿಸಿದೆ: ‘ಹುಡುಗಿಯರು ಓಡಿದರು. ಡ್ರೈವರ್ ಕೈ ಬೀಸಿ ನಕ್ಕು ಹೋದ.’ ಹಾಕಿಯೂ ಬಿಟ್ಟೆ. ಎದ್ದು ಹೋಗಿ ಒಂದು ಚಹಾ ಕುಡಿದು ಬಂದು ಮತ್ತೆ ಓದಿದೆ. ನನ್ನ ಜೀವಮಾನದಲ್ಲೇ ಅಷ್ಟು ಒಳ್ಳೆಯ ಸಾಲು ಬರೆದಿಲ್ಲ ಅನ್ನಿಸಿತು.

ಎರಡು ದಿನದಲ್ಲಿ ಆ ಬರಹ ವಾಟ್ಸಾಪಿನಲ್ಲಿ ಹರಿದಾಡಿ ನನ್ನ ಫೋನಿಗೇ ಮೂರು ಗುಂಪುಗಳಿಂದ ತಿರುಗಿ ಬಂತು. ಎಲ್ಲರೂ ಎತ್ತಿ ಹೇಳಿದ್ದು ಅದೇ ಸಾಲು. ನಾಲ್ಕನೇ ದಿನ ಡ್ರೈವರ್ ಯಂಕಪ್ಪನನ್ನು ಸಸ್ಪೆಂಡ್ ಮಾಡಿದರು.

ಟೀಚರ್ ತರಬೇತಿಯಿಂದ ಬಂದು ಇನ್ನೂ ಚೀಲ ಇಳಿಸಿರಲಿಲ್ಲ. ರೇಣುಕಾ ಕಚೇರಿಯ ಬಾಗಿಲಿಗೇ ಬಂದಳು.

“ಟೀಚರ್, ಯಂಕಪ್ಪ ಕಾಕಾ ನಕ್ಕಿಲ್ಲರಿ. ಎಷ್ಟೋ ದಿನ ಅವರೇ ನಮ್ಮ ಸಲುವಾಗಿ ನಿಂದರಸ್ಯಾರ. ಅವತ್ತು ಬಾಗಲದಾಗ ಮಂದಿ ಜೋತಾಡಾಕತ್ತಿದ್ರು. ಹಿಂದ ಅವತ್ತಷ್ಟೇ ಬಿಟ್ಟ ಇನ್ನೊಂದು ಬಸ್ ಬರಾಕತ್ತದ ಅಂತ ಕೈ ಮಾಡಿ ತೋರಿಸಿದ್ರು. ಆ ಬಸ್ಸು ದಾರ್ಯಾಗ ಕೆಟ್ಟು ನಿಂತಿತ್ತರಿ. ಅದಕ್ಕ ಅವರೇನ ಮಾಡ್ತಾರ?”

ಟೀಚರ್ ನನ್ನ ಕಡೆ ತಿರುಗಿದರು. “ನಕ್ಕ ಅಂತ ನಾ ಬರದಿದ್ನೇನ್ರಿ ಸರ್?”

ನೋಡಿ, ಆಗ ಒಂದು ಮಾತು ಸಾಕಿತ್ತು. ನಾನು ಮೇಜಿನ ಮೇಲಿನ ಕಾಗದ ಸರಿಮಾಡುತ್ತ, “ಟೈಪಿಂಗದಾಗ ಏನೋ ಹೆಚ್ಚುಕಮ್ಮಿ ಆಗಿರಬೇಕ್ರಿ” ಅಂದೆ. ಟೈಪಿಂಗಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆಗಬಹುದು. ಒಬ್ಬ ಮನುಷ್ಯ ನಕ್ಕುಬಿಡುವುದುಂಟೇ? ಟೀಚರ್ ಚೀಲ ಕೆಳಗಿಟ್ಟರು. ಪಾಸ್‌ವರ್ಡ್ ಕೇಳಿ ಬರೆದುಕೊಂಡರು. ಅವತ್ತಿನಿಂದ ತಾವೇ ಒಂದೊಂದು ಅಕ್ಷರ ಹುಡುಕಿ ಟೈಪು ಮಾಡುವುದನ್ನು ಕಲಿತರು.

ಅವರು ಮೊದಲು ಹಾಕಿದ್ದು ಆರು ವಾಕ್ಯದ ಬರಹ. ‘ಡ್ರೈವರ್ ನಕ್ಕಿಲ್ಲ. ಆ ಸಾಲು ಸುಳ್ಳು. ತಪ್ಪು ನನ್ನದು’ ಎಂದು ಅದರಲ್ಲಿತ್ತು. ಕೆಳಗೆ ಅವರ ಹೆಸರು. ‘ಬ್ಲಾಗಿನವರ ಬಂಡವಾಳ ಇಷ್ಟೇ’ ಎಂದು ಜನ ಬೈದರು. ಅದನ್ನೂ ಅವರು ಅಳಿಸಲಿಲ್ಲ. ಆಮೇಲೆ ಹುಡುಗಿಯರನ್ನೆಲ್ಲ ಕರೆದುಕೊಂಡು ಡಿಪೊಗೆ ಹೋದರು. ನಾನೂ ಹೋದೆ, ಹಿಂದೆ ಹಿಂದೆ. ಡಿಪೊ ಸಾಹೇಬರು ಕೂಗಾಡಿದರು. “ನಿಮಗ ಬೇಕಾದಾಗ ಒಬ್ಬಾಂವ ಕೆಟ್ಟಾಂವ, ಬೇಕಾದಾಗ ಚಲೋ ಆಗ್ತಾನೇನು?” ಟೀಚರ್ ತಲೆ ತಗ್ಗಿಸಿ ನಿಂತರು. ರೇಣುಕಾ ಮುಂದೆ ಬಂದು, ಬಸ್ಸು ಎಷ್ಟು ದಿನ ನಿಂತಿತ್ತು, ಎಷ್ಟು ದಿನ ನಿಂತಿರಲಿಲ್ಲ, ನಿಂತ ದಿನ ಡ್ರೈವರ್ ಯಾರು, ಎಲ್ಲ ಬರೆದ ನೋಟುಪುಸ್ತಕ ಸಾಹೇಬರ ಮುಂದಿಟ್ಟಳು. ಟೀಚರನ್ನು ನೋಡಿ ಆಕೆಯೂ ಲೆಕ್ಕ ಇಟ್ಟಿದ್ದಳು. ಸಾಹೇಬರು ಹಾಳೆ ತಿರುವಿದರು. ಕೂಗಾಟ ನಿಂತಿತು.

ಕೆಲವು ವಾರದ ಮೇಲೆ ಯಂಕಪ್ಪನನ್ನು ಕೆಲಸಕ್ಕೆ ತೆಗೆದುಕೊಂಡರು, ಆದರೆ ಬೇರೆ ಡಿಪೊಗೆ, ದೂರದ ಓಟಕ್ಕೆ ಹಾಕಿದರು. ಅದೇ ಚಳಿಗಾಲ ಮುಂಜಾನೆ ಇನ್ನೊಂದು ಬಸ್ಸೂ ಬಂತು. ಹುಡುಗಿಯರು ಮೊದಲನೇ ಪಿರಿಯಡ್ಡಿಗೇ ಬಂದು ಕೂತ ದಿನ ಟೀಚರ್ ಹಲಗೆಯ ಕಡೆ ತಿರುಗಿ ಬಹಳ ಹೊತ್ತು ಏನೋ ಒರೆಸುತ್ತಿದ್ದರು. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ.

ಶಹಾಪುರದಲ್ಲಿ ಊರವರು ಸೇರಿ ಅವರಿಗೆ ಸನ್ಮಾನ ಮಾಡಿದರು. ತಾಂತ್ರಿಕ ನೆರವು ನೀಡಿದವರು ಎಂದು ನನಗೂ ಒಂದು ಶಾಲು ಹೊದಿಸಿದರು. ಹೊದ್ದುಕೊಂಡೆ. ಫೋಟೋಕ್ಕೆ ಮುಖ ಕೊಟ್ಟೆ. ಆ ವರ್ಷದಿಂದ ನಾನು ಕವಿತೆ ಬರೆದಿಲ್ಲ. ಕನ್ನಡಕ್ಕೆ ನಾನು ಮಾಡಿದ ಉಪಕಾರ ಅದೊಂದೇ.

ಟೀಚರಿಗೆ ಆಮೇಲೆ ಸುರಪುರದ ಕಡೆ ವರ್ಗವಾಯಿತು. ರೇಣುಕಾ ಈಗ ಯಾದಗಿರಿಯ ದವಾಖಾನೆಯೊಂದರಲ್ಲಿ ನರ್ಸ್. ಬ್ಲಾಗು ನಿಂತಿಲ್ಲ. ಟೀಚರ್ ಈಗೀಗ ಶಾಲೆಯ ಶೌಚಾಲಯಗಳ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದರ ಬಗ್ಗೆ ಬರೆಯುತ್ತಿದ್ದಾರೆ. ನಾನು ತಪ್ಪದೆ ಓದುತ್ತೇನೆ, ಗುರುತು ಬಿಟ್ಟುಕೊಡದೆ.

ಹೋದ ವಾರ ಆ ಮೂವರು ಹುಡುಗಿಯರನ್ನು ದಾಟಿ ಬಂದೆನಲ್ಲ, ಶಹಾಪುರದಲ್ಲಿ ಇಳಿದವನು ಬಸ್ ಸ್ಟ್ಯಾಂಡಿನಲ್ಲೇ ನಿಂತು ಟೀಚರಿಗೆ ಫೋನು ಹಚ್ಚಿದೆ. ಎಂಟು ವರ್ಷದ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು.

“ಗೊತ್ತಿತ್ತರಿ ಸರ್” ಅಂದರು.

“ಮತ್ತ ನನ್ನ ಹೆಸರ ಯಾಕ ಹೇಳಲಿಲ್ರಿ?”

“ಬ್ಲಾಗಿನ ಮ್ಯಾಲ ಇದ್ದದ್ದು ನನ್ನ ಹೆಸರಲ್ರಿ. ಪಾಸ್‌ವರ್ಡ್ ನಿಮ್ಮ ಕೈಯಾಗ ಬಿಟ್ಟಾಕಿನೂ ನಾನೇ.” ಆಮೇಲೆ, “ನನಗ ಹೇಳಿ ಏನ ಉಪಯೋಗ? ಕಕ್ಕೇರಾಕ್ಕ ಹೋಗ್ರಿ. ಯಂಕಪ್ಪನವರ ಮನಿ ಅಲ್ಲೇ ಅದ” ಅಂದರು.

ಭಾನುವಾರ ಹೋದೆ. ಯಂಕಪ್ಪ ಅಂಗಳದಲ್ಲಿ ಕೂತು ಮೊಮ್ಮಗನ ಮೂರುಗಾಲಿ ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದರು. ನಿವೃತ್ತಿಯಾಗಿದೆ. ನಾನು ಯಾರೆಂದು ಹೇಳಿದ ಮೇಲೂ “ಬರ್ರಿ, ಕೂಡ್ರಿ” ಅಂದರು. ಮನೆಯವರು ಚಹಾ ತಂದಿಟ್ಟರು. ನಾನು ಹೇಳಿದೆ. ಕೊನೆಯವರೆಗೆ ಕೇಳಿ ಕೈಯನ್ನು ಬಟ್ಟೆಗೆ ಒರೆಸಿಕೊಂಡರು.

“ನೌಕರಿದು ಬಿಡ್ರಿ, ಬಂತು. ನನ್ನ ಮಗಳು ಆಗ ಸುರಪುರದಾಗ ಪಿಯುಸಿ ಓದತಿದ್ಲು. ಆಕಿನೂ ಬಸ್ಸಿಗಿ ಕೈ ಮಾಡಿ ನಿಂದರೂ ಹುಡುಗಿ. ಅದನ್ನ ಓದಿ ನನ್ನ ಕೂಡ ಮಾತ ಬಿಟ್ಲು. ಆಮ್ಯಾಲ ಟೀಚರಮ್ಮ ಬರದದ್ದೂ ಓದಿದ್ಲು, ಮಾತಾಡಿದ್ಲು. ಆದ್ರ ಮೊದಲಿಂದು ಮೊದಲೇ ಓದಿದ್ಲಲ್ರಿ, ಅದು ಉಳದೇ ಉಳೀತು.”

ಆಮೇಲೆ ಒಳಗೆ ನೋಡಿ ಕೂಗಿದರು. “ಸರಸ್ವತಿ, ಬಾ ಇಲ್ಲಿ. ಇವರು ಏನೋ ಹೇಳ್ತಾರ ನೋಡು.”

ಆಕೆ ಬಂದಳು. ಈಗ ಅದೇ ಊರಿನ ಒಂದು ಶಾಲೆಯಲ್ಲಿ ಕಲಿಸುತ್ತಾಳಂತೆ, ಕೈಯಲ್ಲಿ ತಿದ್ದುತ್ತಿದ್ದ ಉತ್ತರಪತ್ರಿಕೆ ಹಾಗೇ ಇತ್ತು. ತಂದೆಗೆ ಹೇಳುವುದು ಸುಲಭವಿತ್ತು ಎಂದು ಆಗ ಗೊತ್ತಾಯಿತು. ಹೇಳಿದೆ. ನಿಮ್ಮಪ್ಪ ನಕ್ಕಿರಲಿಲ್ಲ, ನಗಿಸಿದವನು ನಾನು ಅಂದೆ.

ಆಕೆ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವಳಂತೆ ಕೇಳಿದಳು.

“ಯಾಕ ಬರದ್ರಿ?”

ಹುಡುಗಿಯರ ಮೇಲಿನ ಕಾಳಜಿ, ಅವತ್ತಿನ ಸಿಟ್ಟು, ಡಿಪೊದವರ ಕಿವುಡುತನ, ಎಲ್ಲ ನಾಲಿಗೆಯ ತುದಿಗೆ ಬಂದವು. ಎಂಟು ವರ್ಷದಿಂದ ನನಗೆ ನಾನೇ ಹೇಳಿಕೊಂಡ ಕಾರಣಗಳು. ಆಕೆಯ ಮುಖ ನೋಡುತ್ತ ಒಂದನ್ನೂ ಹೇಳಲಾಗಲಿಲ್ಲ.

“ಓದಾಕ ಚಲೋ ಅನಸ್ತದ ಅಂತ ಬರದೆನವ್ವಾ.”

ಆಕೆ ತಂದೆಯ ಕಡೆ ನೋಡಿದಳು. ಅವರು ಸೈಕಲ್ಲಿನ ಗಾಲಿ ತಿರುಗಿಸುತ್ತಿದ್ದರು. ಮತ್ತೆ ನನ್ನ ಕಡೆ ತಿರುಗಿ, “ಹಂಗೇ ಬರೀರಿ. ನಿಮ್ಮ ಹೆಸರ ಹಾಕಿ” ಅಂದು ಒಳಗೆ ಹೋದಳು.

ಹಾಗೇ ಬರೆದಿದ್ದೇನೆ. ಟೀಚರಿಗೆ ಕಳಿಸುತ್ತಿದ್ದೇನೆ, ಬ್ಲಾಗಿನಲ್ಲಿ ಹಾಕಲು. ಕೆಳಗೆ ನನ್ನ ಹೆಸರಿದೆ.