ಕೋಳಿಗೊಬ್ಬರದ ಮೆಂತ್ಯೆ

ಪಡಸಾಲೆಯಲ್ಲಿ ಮೆಂತ್ಯೆ ಸೋಸುತ್ತ ಕೂತಿದ್ದೆ, ಹುಬ್ಬಳ್ಳಿಯ ದವಾಖಾನೆಯಿಂದ ನಮ್ಮ ಯಜಮಾನರ ಫೋನ್ ಬಂತು. ಅತ್ತೆಗೆ ಉರಿಮೂತ್ರದಿಂದ ಶುರುವಾಗಿ ಜ್ವರ ಏರಿತ್ತು. ಊರಿನ ಡಾಕ್ಟರರ ಗುಳಿಗೆಗೆ ಇಳಿಯದೆ ಅಲ್ಲಿಗೆ ಒಯ್ದಿದ್ದರು.

"ತಪಾಸಣಿ ವರದಿ ಬಂತು," ಅಂದರು. "ದಿನಾ ಕೊಡೂ ಔಷಧ ಯಾವೂ ಮೂತ್ರದಾಗಿನ ರೋಗದ ಹುಳಕ್ಕ ನಾಟಂಗಿಲ್ಲಂತ. ಒಂದ ಜಾತಿ ಇಂಜೆಕ್ಷನ್ ಉಳದದ. ಅದೂ ಹತ್ತಲಿಲ್ಲಂದ್ರ ರಕ್ತಕ್ಕ ಏರ್ತದಂತ, ಉಳಿಯೂದು ಕಷ್ಟಂತ. ನೀ ಬಾ."

ಸೋಸಿದ ಮೆಂತ್ಯೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಅತ್ತೆಯ ವಿಭೂತಿ ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟೆ. ಕಲಘಟಗಿಗೆ ಬಂದರೆ ಹುಬ್ಬಳ್ಳಿ ಬಸ್ಸು ನಿಂತೇ ಇತ್ತು, ಕಿಟಕಿ ಬದಿಗೆ ಜಾಗವೂ ಸಿಕ್ಕಿತು. ಅಂಥ ದಿನ ಅದೂ ಶಿವನ ದಯೆಯೇ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಒಂದು ಔಷಧ ಉಳಿದಿದೆ ಅಂದರಲ್ಲ, ಆ ಒಂದನ್ನೇ ಗಟ್ಟಿಯಾಗಿ ಹಿಡಿದು ಕೂತೆ. ಅದನ್ನು ಉಳಿಸಿದ ಶಿವ ಅತ್ತೆಯನ್ನು ಉಳಿಸದೆ ಬಿಡುವವನಲ್ಲ.

ನಾನು ಹೋದಾಗ ಅತ್ತೆ ಜ್ವರದಲ್ಲಿ ನಡುಗುತ್ತಲೇ ನರ್ಸಮ್ಮನ ಕೂಡ ವಾದಕ್ಕಿಳಿದಿದ್ದರು. ಸೂಜಿಗೆ ಎಡಗೈ ಕೊಡಲು ಒಲ್ಲೆ ಅನ್ನುತ್ತಿದ್ದರು.

"ಈ ಕೈಯಾಗ ಲಿಂಗ ಇಟ್ಟು ಪೂಜಿ ಮಾಡ್ತೇನಿ. ಇದು ನನ್ನ ದೇವರಮನಿ. ಅದಕ್ಕ ಮೊಳಿ ಬಡೀಬ್ಯಾಡ. ಬಲಗೈ ತಗೋ."

"ಬಲಗೈಯಾಗ ನರಾನ ಸಿಗವೊಲ್ಲದ್ರಿ ಅಜ್ಜಿ."

"ಹುಡುಕ ಬೇ. ನನಗಿಂತ ನಿನ್ನ ಕಣ್ಣು ಚಲೋ ಅದಾವ."

ನರ್ಸಮ್ಮ ನಕ್ಕು ಮತ್ತೆ ಹುಡುಕಿದಳು. ಸಿಕ್ಕಿತು. ನಾನು ಅತ್ತೆಯ ಹಣೆಗೆ ವಿಭೂತಿ ಹಚ್ಚಿದೆ.

ಡಾಕ್ಟರು ಹೆಣ್ಣುಮಗಳು, ನಮ್ಮ ಕಡೆಯವರೇ. ಹಿಂದೆ ಯಾವ ಗುಳಿಗೆ ನುಂಗಿದ್ದರು, ಪೂರ್ತಿ ನುಂಗಿದ್ದರೋ ಅರ್ಧಕ್ಕೆ ಬಿಟ್ಟಿದ್ದರೋ ಎಂದೆಲ್ಲ ಕೇಳಿ, "ಮನ್ಯಾಗ ಕೋಳಿ ಸಾಕೀರೇನ್ರಿ?" ಅಂದರು.

ಅತ್ತೆ ದಿಂಬಿನಿಂದ ಅರ್ಧ ಎದ್ದರು. "ಏನವಾ, ಲಿಂಗ ಕಟ್ಟಿದ ಮನಿಗೆ ಕೇಳೂ ಮಾತಾ ಇದು? ಹುಟ್ಟಿದಾಗಿಂದ ತತ್ತೀನೂ ಮುಟ್ಟಿಲ್ಲ ನಾ. ಕೋಳಿ ರೋಗ ಕೋಳಿ ತಿಂದಾವ್ರಿಗೆ ಬರಲಿ!"

"ತಿನ್ನಬೇಕಂತ ಇಲ್ರಿ ಅಜ್ಜಿ. ಫಾರ್ಮಿನ್ಯಾಗ ಎಷ್ಟೋ ಮಂದಿ ಕೋಳಿಗೆ ಸುಮ್ಮಸುಮ್ಮನ ಔಷಧ ಕುಡಸ್ತಾರ. ಅದನ್ನ ತಡಕೊಂಡ ಹುಳ ಹಿಕ್ಕಿಯೊಳಗ ಉಳೀತಾವ. ಮಾಂಸದಿಂದ ಬರಬಹುದು, ಕೈಯಿಂದ, ನೀರಿನಿಂದ, ಗೊಬ್ಬರದಿಂದ ಬರಬಹುದು. ಮಂದಿ ಬೇಕಾದಂಗ ಗುಳಿಗಿ ನುಂಗಿದ್ರೂ ಅಂಥಾವ ಬೆಳೀತಾವ. ನಿಮಗ ಎಲ್ಲಿಂದ ಬಂತಂತ ಖಾತ್ರಿ ಹೇಳಾಕ ನನಗೂ ಆಗಂಗಿಲ್ಲ."

ಗೊಬ್ಬರ ಅಂದೊಡನೆ ನನ್ನ ಕಣ್ಣಿಗೆ ನಮ್ಮ ಹಿತ್ತಲು ಬಂತು.

ನಮ್ಮ ಬಾಜುಮನೆಯವರು ಮುಸಲ್ಮಾನರು. ಆ ಮನೆಯಾಕೆ ನಾನು ಸೊಸೆಯಾಗಿ ಬಂದಾಗಿನಿಂದ ಗೆಳತಿ. ಅವರ ಹೊಲದಲ್ಲಿ ಬ್ರಾಯ್ಲರ್ ಕೋಳಿಯ ಶೆಡ್ಡಿದೆ. ದೊಡ್ಡವಾದ ಕೋಳಿ ಲಾರಿ ಹತ್ತಿದ ಮೇಲೆ ಶೆಡ್ಡು ಬಳಿದು ಒಂದೆರಡು ಚೀಲ ಗೊಬ್ಬರ ನಮ್ಮ ಹಿತ್ತಲಿಗೆ ಕಳಿಸುತ್ತಾಳೆ. ಅತ್ತೆಯ ಕಟ್ಟುನಿಟ್ಟು ಏನು ಕೇಳುತ್ತೀರಿ! ಆ ಚೀಲ ಮುಟ್ಟಿದವರು ಕೈಕಾಲು ತೊಳೆಯದೆ ಹೊಸ್ತಿಲು ತುಳಿಯುವಂತಿಲ್ಲ. ಆದರೆ ಅದೇ ಗೊಬ್ಬರ ಹಸಿಹಸಿಯಾಗಿ ಮೆಂತ್ಯೆಯ ಪಾತಿಗೆ ಬೀಳುತ್ತಿತ್ತು, ಆ ಮೆಂತ್ಯೆ ನೆಟ್ಟಗೆ ತಾಟಿಗೆ ಬರುತ್ತಿತ್ತು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಮೆಂತ್ಯೆಯ ಪಚಡಿ ಇಲ್ಲದಿದ್ದರೆ ಉಂಡಂತೆಯೇ ಅಲ್ಲ. ಹೆಚ್ಚಿದ ಉಳ್ಳಾಗಡ್ಡಿ, ಗುರೆಳ್ಳು ಪುಡಿ, ಮೇಲೊಂದಿಷ್ಟು ಶೇಂಗಾ ಎಣ್ಣೆ. ಮೆಂತ್ಯೆ ಬಹಳ ತೊಳೆದರೆ ವಾಸನೆ ಹೋಗುತ್ತದೆ ಎಂದು ಒಮ್ಮೆ ನೀರಲ್ಲಿ ಅದ್ದಿ ಝಾಡಿಸುವುದು ಊರಿನ ಎಲ್ಲ ಮನೆಗಳ ಪದ್ಧತಿ. ಕೋಳಿಯನ್ನು ಬಾಗಿಲಲ್ಲೇ ತಡೆದೆವೆಂದುಕೊಂಡವರು ಸೊಪ್ಪಿನ ಬುಡದತ್ತ ನೋಡಿರಲೇ ಇಲ್ಲ.

ದನಕರು ಇದ್ದುದರಿಂದ ಸಂಜೆ ನಾನೊಬ್ಬಳೇ ಊರಿಗೆ ಮರಳಿದೆ. ಬಂದು ನೋಡಿದರೆ ಗೆಳತಿ ನಮ್ಮ ಎಮ್ಮೆ ಹಿಂಡಿ, ಹಾಲು ಕಾಸಿಟ್ಟು, ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ಡಾಕ್ಟರು ಹೇಳಿದ್ದನ್ನು ಒಂದೂ ಮುಚ್ಚಿಡದೆ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಮರಿ ತೂಕಡಿಸಾಕತ್ರ ಪ್ಯಾಟಿ ಅಂಗಡಿಯಾಂವ ಒಂದ ಪುಡಿ ಕೊಡ್ತಾನ್ರಿ ಅಕ್ಕಾ. ಚಲೋ ಇದ್ದಾವೂ ಕುಡೀಲಿ ಅಂತ ನೀರಿನ ಟಾಕಿಗೇ ಸುರೀತೇವಿ. ಎಲ್ಲಾರೂ ಹಂಗ ಮಾಡ್ತಾರ." ಕಣ್ಣೊರೆಸಿಕೊಂಡು ಕೇಳಿದಳು, "ನನ್ನ ಮ್ಯಾಲೆ ಸಿಟ್ಟಾದ್ರೇನು?"

"ಸಿಟ್ಟಾದ್ರ ನಾಳೆ ನಮ್ಮ ಎಮ್ಮಿ ಯಾರು ಹಿಂಡಬೇಕ ಬೇ?"

ಅಳುತ್ತಲೇ ನಕ್ಕಳು. ನಾನು ಹೇಳಿದೆ, "ಹೊಲ ಹರಗಿದಾಗ ಮೆತ್ತಗಿನ ಕಳೆ ಹೋಗಿ ಗಟ್ಟಿ ಬೇರಿನ ಕರಿಕಿ ಹುಲ್ಲು ಉಳೀತದಲ್ಲ, ಆಮ್ಯಾಲೆ ಹೊಲಾನೆಲ್ಲಾ ಹಿಡೀತದಲ್ಲ, ಹಂಗ ನೋಡು ಈ ಹುಳಾನೂ."

"ಅಂದ್ರ ಆ ಪುಡಿ ಹಾಕಿ ಹಾಕಿ ನಾವ ಕರಿಕಿ ಬೆಳಸಾಕತ್ತೇವಿ," ಅಂದಳು. ಬುದ್ಧಿ ಚುರುಕು ಅವಳದು.

ಮರುದಿನವೇ ದನದ ಡಾಕ್ಟರರನ್ನು ಕರೆಸಿದಳು. ರೋಗ ನೋಡದೆ ಔಷಧ ಟಾಕಿಗೆ ಹಾಕಬೇಡಿ, ಹಸಿ ಗೊಬ್ಬರ ತಿನ್ನುವ ಸೊಪ್ಪಿಗೆ ಬೇಡವೇ ಬೇಡ, ಗುಂಡಿಯಲ್ಲಿ ಮುಚ್ಚಿ ಚೆನ್ನಾಗಿ ಕಳಿಯಲು ಬಿಡಿ ಅಂದರು. ನಾವಿಬ್ಬರೂ ಸೀರೆ ಎತ್ತಿ ಕಟ್ಟಿ ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿದೆವು. ಪಾತಿಯ ಮೆಂತ್ಯೆ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟದ್ದನ್ನೂ ಅದಕ್ಕೇ ಹಾಕಿ, ಮೇಲೆ ಮಣ್ಣೆಳೆದೆವು. ದೀಪ ಹಚ್ಚಿ ಕೈ ಮುಗಿದಾಗ ನಾನು ಕೇಳಿದ್ದು ಒಂದೇ: ಆ ಇಂಜೆಕ್ಷನ್ ಹತ್ತಲಿ.

ಹತ್ತಿತು. ಎರಡು ದಿನ ಬಿಟ್ಟು ಬೆಳಿಗ್ಗೆ ಒಲೆಯ ಮೇಲೆ ರೊಟ್ಟಿಗೆ ಎಸರಿಟ್ಟಿದ್ದೆ, ಫೋನ್ ಬಂತು. "ಜ್ವರ ಬಿಟ್ಟದ," ಅಂದರು ಯಜಮಾನರು. "ಇಂಜೆಕ್ಷನ್ ಪೂರ್ತಿ ಮುಗಿಸಿ ಕಳಸ್ತಾರಂತ. ತಗೋ, ಅವ್ವ ಮಾತಾಡ್ತಾಳ."

"ಏನ ಮಾಡಾಕತ್ತೀ?" ಅತ್ತೆಯ ದನಿ ಮೊದಲಿನಂತೆಯೇ ಖಡಕ್ಕಾಗಿತ್ತು. ಶಿವಾ, ಆ ದನಿ ಕೇಳಿ ನನ್ನ ಹೊಟ್ಟೆ ತಂಪಾಯಿತು. "ಇಲ್ಲಿ ಸಪ್ಪನ ಗಂಜಿ ಕುಡಿಸಿ ನನ್ನ ಜೀವಾ ತಿನ್ನಾಕತ್ತಾರ. ನಾ ಬರೂದ್ರಾಗ ಮೆಂತ್ಯೆ ಪಚಡಿ ಮಾಡಿಡು."

"ಪಚಡಿ ಇಲ್ರಿ. ಸಂತ್ಯಾಗಿಂದು ತಂದು ಪಲ್ಯಾ ಮಾಡ್ತೇನಿ, ಚಲೋತ್ನಾಗ ಕುದಿಸಿ."

"ನನ್ನ ಮನ್ಯಾಗ ನಿಂದೇನಲೇ ಕಾಯ್ದೆ?"

"ಹೌದ್ರಿ, ನಂದ."

ಅತ್ತೆ ಆ ಕಡೆ ಏನೋ ಗೊಣಗಿದರು. ಆಮೇಲೆ, "ಬಳ್ಳೊಳ್ಳಿ ಜಾಸ್ತಿ ಹಾಕು," ಅಂದು ಫೋನ್ ಮಗನ ಕೈಗೆ ಕೊಟ್ಟರು.

ಎಸರು ಕುದಿದು ಉಕ್ಕುತ್ತಿತ್ತು. ಜೋಳದ ಹಿಟ್ಟು ಸುರುವಿ, ತೊಳೆದ ಕೈಯನ್ನು ಇನ್ನೊಮ್ಮೆ ತೊಳೆದುಕೊಂಡು, ನಾದಲು ಕೂತೆ.